ಈವ್ ಆನ್‌ಲೈನ್: 25 ದಿನ ಆಡಿದರೂ ಕೈಗೆ ಏನೂ ಹತ್ತುತ್ತಿಲ್ಲ, ಮುಂದುವರಿಸಲೋ ಬಿಡಲೋ?

ಹೊಸಪೈಲಟ್25:

ಎಲ್ಲರಿಗೂ ನಮಸ್ಕಾರ. ಅಂತರಿಕ್ಷ ನೌಕೆಗಳ ಆನ್‌ಲೈನ್ ಆಟ ಈವ್ ಶುರು ಮಾಡಿ 25 ದಿನ ಆಯಿತು. ಆಲ್ಫಾ ಅಕೌಂಟ್, ದುಡ್ಡು ಕಟ್ಟಿಲ್ಲ. ಪಾತ್ರ ಗ್ಯಾಲೆಂಟೆ ಬಣದ್ದು. ಟ್ಯುಟೋರಿಯಲ್ ಮುಗಿಸಿದೆ, ಕೆಲಸ ಕಲಿಸುವ ಕೆರಿಯರ್ ಏಜೆಂಟ್‌ಗಳಲ್ಲಿ ಒಬ್ಬರ ಮಿಷನ್‌ಗಳನ್ನು ಅರ್ಧಕ್ಕೆ ಬಿಟ್ಟೆ. ಉಳಿದ ದಿನಗಳೆಲ್ಲ ವೆಂಚರ್ ಶಿಪ್‌ನಲ್ಲಿ ಮೈನಿಂಗ್. ಈಗ ನಿಜಕ್ಕೂ ಬೇಜಾರಾಗಿದೆ. ನನ್ನ ಪ್ರಶ್ನೆಗಳು ಇವು:

ಡೊಡಿಕ್ಸಿ ಕಡೆಯಿಂದ ದೊಡ್ಡ ಮಾರುಕಟ್ಟೆಯಾದ ಜೀಟಾಗೆ ನೆರಿಯಸ್ ಅನ್ನುವ ಸರಕು ಶಿಪ್‌ನಲ್ಲಿ ಸುಮಾರು 6 ಕೋಟಿ ಇಸ್ಕ್ (ಆಟದ ದುಡ್ಡು) ಬೆಲೆಯ ಸರಕು ಹೊರಟಿತ್ತು. ಆಟೋಪೈಲಟ್ ಹಾಕಿದ್ದೆ. ದಾರಿಯ ಉಯೆಡಾಮಾ ಸಿಸ್ಟಮ್‌ನಲ್ಲಿ, ಮುಂದಿನ ಸಿಸ್ಟಮ್‌ಗೆ ದಾಟುವ ಗೇಟ್ ಹತ್ತಿರ, ಮೂರು ಕ್ಯಾಟಲಿಸ್ಟ್ ದಾಳಿ ಶಿಪ್‌ಗಳು ಬಂದು ಹೊಡೆದವು, ಎಲ್ಲ ಹೋಯಿತು. ದಾರಿ ಪೂರ್ತಿ ಹೈ ಸೆಕ್ಯುರಿಟಿ. ಪೊಲೀಸ್ ಇರುವ ಜಾಗದಲ್ಲಿ ಇದು ಹೇಗೆ ಸಾಧ್ಯ? ಸಪೋರ್ಟ್‌ಗೆ ಬರೆದರೆ ವಾಪಸ್ ಬರುತ್ತದೆಯೇ?

ಎರಡನೆಯದು ಸ್ಕಿಲ್. ಒಂದೊಂದಕ್ಕೂ ಹತ್ತು ದಿನ ಕಾಯಬೇಕು ಅಂತ ತೋರಿಸುತ್ತದೆ. ದುಡ್ಡಿದ್ದವರು ಸ್ಕಿಲ್ ಪಾಯಿಂಟ್ ತುಂಬುವ ಇಂಜೆಕ್ಟರ್ ಕೊಂಡು ಒಂದೇ ದಿನದಲ್ಲಿ ಮುಂದೆ ಹೋಗುತ್ತಾರೆ. 2003ರಿಂದ ಆಡುತ್ತಿರುವವರನ್ನು ಹೊಸಬರು ಯಾವತ್ತಾದರೂ ಹಿಡಿಯಲು ಆಗುತ್ತದೆಯೇ?

ಮೂರನೆಯದು, ಲೆವೆಲ್ 2 ಮಿಷನ್‌ಗೆ ಅಂತ ಕ್ಯಾರಕಲ್ ಅನ್ನುವ ಕ್ರೂಸರ್ ಕೊಂಡೆ. ಸಣ್ಣ ಸಣ್ಣ ಫ್ರಿಗೇಟ್‌ಗಳೇ ಸಾಯುತ್ತಿಲ್ಲ. ದೊಡ್ಡ ಶಿಪ್ ಅಂದಮೇಲೆ ಚಿಕ್ಕದನ್ನು ಬೇಗ ಹೊಡೆಯಬೇಕಲ್ಲವೇ?

ಕೊನೆಯದಾಗಿ, ದಿನಕ್ಕೆ ರಾತ್ರಿ 8ರಿಂದ 9:30 ಅಷ್ಟೇ ಸಿಗುವುದು. ಅಷ್ಟರಲ್ಲಿ ಕಲ್ಲು ಕೊರೆಯುವುದು ಬಿಟ್ಟು ಬೇರೆ ಏನಾದರೂ ಇದೆಯೇ?

ಜೀಟಾಗಾಡಿ:

ಮೊದಲು ನೆರಿಯಸ್ ವಿಷಯ. ನಿಮ್ಮ ಬೇಸರದ ಬುಡ ಅಲ್ಲೇ ಇದೆ.

ಹೈ ಸೆಕ್ಯುರಿಟಿ ಅಂದರೆ ಯಾರೂ ಹೊಡೆಯಲಾಗದ ಜಾಗ ಅಲ್ಲ. ಹೊಡೆದವನ ಶಿಪ್ಪೂ ಹೋಗುತ್ತದೆ, ಅಷ್ಟೇ ಅಲ್ಲಿನ ಕಾನೂನು. ಅಲ್ಲಿನ ಪೊಲೀಸ್, ಅಂದರೆ ಕಾಂಕರ್ಡ್, ನಿಮ್ಮನ್ನು ಕಾಯುವುದಿಲ್ಲ, ಹೊಡೆದವನನ್ನು ಶಿಕ್ಷಿಸುತ್ತದೆ. ಅದು ಬರಲು ಹಿಡಿಯುವ ಹೊತ್ತು ಸಿಸ್ಟಮ್‌ನ ಸೆಕ್ಯುರಿಟಿ ಅಂಕಿಗೆ ತಕ್ಕಂತೆ ಬದಲಾಗುತ್ತದೆ: 1.0ರಲ್ಲಿ ಸುಮಾರು 6 ಸೆಕೆಂಡ್, 0.7ರಲ್ಲಿ 10, 0.5ರಲ್ಲಿ 19. ಉಯೆಡಾಮಾ 0.5. ಅದೇ ಸಿಸ್ಟಮ್‌ನ ಬೇರೆಲ್ಲೋ ಕಾಂಕರ್ಡನ್ನು ಮೊದಲೇ ಎಳೆದಿಟ್ಟಿದ್ದರೆ ಇನ್ನೂ ಕೆಲವು ಸೆಕೆಂಡ್ ತಡ.

ಈಗ ಅವರ ಕಡೆಯ ಲೆಕ್ಕ ಹಾಕಿ. ಸರಿಯಾಗಿ ಫಿಟ್ ಮಾಡಿದ ಒಂದು ಕ್ಯಾಟಲಿಸ್ಟ್ ಹತ್ತಿರದಿಂದ ಸೆಕೆಂಡಿಗೆ 500–600 ಡ್ಯಾಮೇಜ್ ಕೊಡುತ್ತದೆ. 19 ಸೆಕೆಂಡಿಗೆ ಹತ್ತು ಸಾವಿರ ದಾಟಿತು. ಮೂರು ಬಂದರೆ ಮೂವತ್ತು ಸಾವಿರ. ಟ್ಯಾಂಕ್ (ರಕ್ಷಣೆ) ಹಾಕದ ಟಿ1 ಹಾಲರ್, ಅಂದರೆ ಸಾಮಾನ್ಯ ದರ್ಜೆಯ ಸರಕು ಶಿಪ್, ಒಂದು ಕ್ಯಾಟಲಿಸ್ಟ್‌ಗೇ ತಡೆಯುವುದಿಲ್ಲ. ಶಿಪ್ ಒಡೆದಾಗ ಒಳಗಿನ ಪ್ರತಿ ಸರಕಿಗೂ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ 6 ಕೋಟಿಯಲ್ಲಿ ಸುಮಾರು 3 ಕೋಟಿ ಸಿಗಬಹುದು ಅಂತ ಅವರು ಎಣಿಸುತ್ತಾರೆ. ಅದು ಅವರು ಕಳೆದುಕೊಳ್ಳುವ ಶಿಪ್‌ಗಳ ಬೆಲೆಗಿಂತ ಹೆಚ್ಚಿದ್ದರೆ ಹೊಡೆಯುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಗೇಟ್ ಬಳಿ ಒಬ್ಬ ಕಾರ್ಗೋ ಸ್ಕ್ಯಾನರ್ ಹಿಡಿದು ಕೂತಿರುವುದು ಇದೇ ಲೆಕ್ಕಕ್ಕೆ. ನಿಮ್ಮ ಮೇಲೆ ಹಗೆ ಏನೂ ಇಲ್ಲ.

ಸಪೋರ್ಟ್‌ಗೆ ಬರೆದು ಪ್ರಯೋಜನವಿಲ್ಲ. ಸರ್ವರ್ ದೋಷದಿಂದ ಹೋದದ್ದಾದರೆ ಮಾತ್ರ ವಾಪಸ್. ಇನ್ಶೂರೆನ್ಸ್ ಮಾಡಿಸದಿದ್ದರೂ ಶಿಪ್‌ನ ಮೂಲ ಬೆಲೆಯ 40% ವಾಲೆಟ್‌ಗೆ ತಾನಾಗಿ ಬಂದಿರುತ್ತದೆ, ನೋಡಿಕೊಳ್ಳಿ. ಸರಕಿಗೆ ಮತ್ತು ಶಿಪ್‌ಗೆ ಜೋಡಿಸುವ ಮಾಡ್ಯೂಲ್‌ಗಳಿಗೆ ಇನ್ಶೂರೆನ್ಸೇ ಇಲ್ಲ.

ಇನ್ನು ಆಟೋಪೈಲಟ್. ನೀವು ಕೈಯಾರೆ ಗೇಟ್ ಮೇಲೆ ಕ್ಲಿಕ್ ಮಾಡಿ ಜಂಪ್ ಕೊಟ್ಟರೆ ಶಿಪ್ ಗೇಟಿನ ಮಗ್ಗುಲಿಗೇ ಹೋಗಿ ಇಳಿದು ಕೂಡಲೇ ದಾಟುತ್ತದೆ. ಆಟೋಪೈಲಟ್ ಹಾಗಲ್ಲ, ಹತ್ತು–ಹದಿನೈದು ಕಿಲೋಮೀಟರ್ ದೂರ ಇಳಿಸಿ ಅಲ್ಲಿಂದ ತೆವಳಿಸುತ್ತದೆ. ಹಾಲರ್‌ನ ವೇಗ ಸೆಕೆಂಡಿಗೆ ನೂರು ಚಿಲ್ಲರೆ ಮೀಟರ್. ಅಂದರೆ ಪ್ರತಿ ಗೇಟಿನಲ್ಲೂ ಒಂದೂವರೆ ನಿಮಿಷ ಬಟ್ಟಬಯಲಲ್ಲಿ ನಿಂತಂತೆ. ಕ್ಯಾಟಲಿಸ್ಟ್‌ಗಳಿಗೆ ಬೇಕಾಗಿರುವುದು ಬರೀ 19 ಸೆಕೆಂಡ್.

ಮುಂದಿನ ಸಲ ಹೀಗೆ ಮಾಡಿ. ಮಾಡ್ಯೂಲ್ ಜೋಡಿಸುವ ಜಾಗಗಳು ಹೈ, ಮಿಡ್, ಲೋ ಅಂತ ಮೂರು ಸಾಲು; ಲೋ ಸ್ಲಾಟ್‌ಗಳಿಗೆಲ್ಲ ಸರಕಿನ ಜಾಗ ಹೆಚ್ಚಿಸುವ ಎಕ್ಸ್‌ಪಾಂಡೆಡ್ ಕಾರ್ಗೋಹೋಲ್ಡ್ ತುರುಕಬೇಡಿ. ಅದು ಶಿಪ್‌ನ ಸ್ಟ್ರಕ್ಚರ್ ಹಿಟ್‌ಪಾಯಿಂಟ್ಸ್ ಮತ್ತು ವೇಗ ಎರಡನ್ನೂ ತಿನ್ನುತ್ತದೆ. ಒಂದು ಡ್ಯಾಮೇಜ್ ಕಂಟ್ರೋಲ್ ಇರಲೇಬೇಕು. ಮಿಡ್ ಸ್ಲಾಟ್‌ಗಳಲ್ಲಿ ಶೀಲ್ಡ್ ಎಕ್ಸ್‌ಟೆಂಡರ್ ಮತ್ತು ಏಟು ತಗ್ಗಿಸುವ ಹಾರ್ಡನರ್. ಹಾರ್ಡನರ್ ಆನ್ ಮಾಡಿಯೇ ವಾರ್ಪ್ ಆಗಿ, ಎಷ್ಟೋ ಜನ ಮರೆಯುವುದು ಅದನ್ನೇ. 1.5 ಕೋಟಿಗಿಂತ ಹೆಚ್ಚಿನದನ್ನು ಟಿ1 ಹಾಲರ್‌ನಲ್ಲಿ ಒಂದೇ ಸಲ ಒಯ್ಯಬೇಡಿ, ನಾಲ್ಕು ಟ್ರಿಪ್ ಮಾಡಿ. ಹೊರಡುವ ಮೊದಲು, ಒಡೆದ ಶಿಪ್‌ಗಳ ಪಟ್ಟಿ ಇರುವ ಝಡ್‌ಕಿಲ್‌ಬೋರ್ಡ್ ವೆಬ್‌ಸೈಟ್‌ನಲ್ಲಿ ಉಯೆಡಾಮಾ ಅಂತ ಹುಡುಕಿ. ಕಳೆದ ಅರ್ಧ ಗಂಟೆಯಲ್ಲಿ ಅಲ್ಲಿ ಹಾಲರ್‌ಗಳು ಬಿದ್ದಿದ್ದರೆ ಆ ಹೊತ್ತಿಗೆ ಹೋಗಬೇಡಿ. ಗೇಟ್ ದಾಟಿದ ಮೇಲೆ ನೀವು ಕದಲದೆ ಇದ್ದರೆ 60 ಸೆಕೆಂಡ್ ಯಾರಿಗೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಸುತ್ತ ಯಾರಿದ್ದಾರೆ ಅಂತ ಓವರ್‌ವ್ಯೂ ಪಟ್ಟಿ ನೋಡಿಕೊಂಡು ಆಮೇಲೆ ವಾರ್ಪ್ ಕೊಡಿ.

ನನ್ನನ್ನು ಕೇಳಿದರೆ ಆ ಟ್ರಿಪ್ಪೇ ಬೇಡವಾಗಿತ್ತು. ಡೊಡಿಕ್ಸಿಯೇ ದೊಡ್ಡ ಸಂತೆ, ಅಲ್ಲೇ ಸೆಲ್ ಆರ್ಡರ್ ಹಾಕಬಹುದು. ಜೀಟಾಗೇ ಹೋಗಬೇಕೆಂದರೆ ಕೊರಿಯರ್ ಕಾಂಟ್ರಾಕ್ಟ್ ಮಾಡಿ, ಕೊಲ್ಯಾಟರಲ್ ಕಾಲಂನಲ್ಲಿ ಸರಕಿನ ಪೂರ್ತಿ ಬೆಲೆ ಬರೆಯಿರಿ. ಒಯ್ಯುವವನು ಅಷ್ಟು ದುಡ್ಡು ಅಡವಿಟ್ಟೇ ಸರಕು ಎತ್ತಬೇಕು. ದಾರಿಯಲ್ಲಿ ಕಳೆದರೆ ಆ ದುಡ್ಡು ನಿಮ್ಮದು.

ಲೆಕ್ಕದಪುಸ್ತಕ:

ಸ್ಕಿಲ್ ಬಗ್ಗೆ. ಲೆವೆಲ್ ಪಟ್ಟಿಯನ್ನು ಅಂಕಿಗಳಲ್ಲಿ ನೋಡಿದರೆ ಅರ್ಧ ಬೇಸರ ಹೋಗುತ್ತದೆ.

ಗುಣಕ (ಕಲಿಕೆಯ ಕಷ್ಟದ ಅಂಕಿ) 1 ಇರುವ ಸ್ಕಿಲ್‌ಗೆ ಲೆವೆಲ್ 1ಕ್ಕೆ 250 ಪಾಯಿಂಟ್, 2ಕ್ಕೆ ಒಟ್ಟು ಸುಮಾರು 1,415, 3ಕ್ಕೆ 8,000, 4ಕ್ಕೆ ಸುಮಾರು 45,255, 5ಕ್ಕೆ 2,56,000. ಆಲ್ಫಾಗೆ ಗಂಟೆಗೆ ಸುಮಾರು 900 ಪಾಯಿಂಟ್ ಬರುತ್ತದೆ, ದುಡ್ಡು ಕಟ್ಟಿದ ಒಮೆಗಾ ಅಕೌಂಟ್‌ಗೆ ಅದರ ಎರಡರಷ್ಟು. ಹಾಗಾಗಿ ಸೊನ್ನೆಯಿಂದ 4ಕ್ಕೆ ಎರಡು ದಿನ ಸಾಕು, 4ರಿಂದ 5ಕ್ಕೆ ಮಾತ್ರ ಹತ್ತಿರ ಹತ್ತಿರ ಹತ್ತು ದಿನ. ನೀವು ನೋಡಿದ "ಹತ್ತು ದಿನ" ಅದೇ ಇರಬೇಕು. ಲೆವೆಲ್‌ಗೆ 5% ಕೊಡುವ ಸ್ಕಿಲ್ ಆದರೆ 4ರಲ್ಲಿ 20% ಸಿಕ್ಕಿತು, 5ರಲ್ಲಿ 25%. ಪೂರ್ತಿ ಶ್ರಮದ ಐದನೇ ಒಂದಕ್ಕೂ ಕಡಿಮೆಯಲ್ಲಿ ಐದರಲ್ಲಿ ನಾಲ್ಕು ಪಾಲು ಫಲ.

2003ರಿಂದ ಇರುವವನು ಒಂದು ಫ್ರಿಗೇಟ್ ಹತ್ತಿದಾಗ ಅವನ ಟೈಟನ್ (ದೈತ್ಯ ಶಿಪ್) ಸ್ಕಿಲ್, ಮೈನಿಂಗ್ ಸ್ಕಿಲ್ ಯಾವುದೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಫ್ರಿಗೇಟ್‌ಗೆ ಸಂಬಂಧಪಟ್ಟ ಇಪ್ಪತ್ತು ಚಿಲ್ಲರೆ ಸ್ಕಿಲ್‌ಗಳಷ್ಟೇ ಲೆಕ್ಕಕ್ಕೆ. ಅವೆಲ್ಲ 5ಕ್ಕಿಂತ ಆಚೆ ಹೋಗುವುದಿಲ್ಲ. ಇಂಜೆಕ್ಟರ್‌ಗೂ ಇದೇ ಮಾತು. 50 ಲಕ್ಷಕ್ಕಿಂತ ಕಡಿಮೆ ಪಾಯಿಂಟ್ ಇರುವವರಿಗೆ ಒಂದು ಇಂಜೆಕ್ಟರ್‌ನಿಂದ 5 ಲಕ್ಷ ಪಾಯಿಂಟ್ ಸಿಗುತ್ತದೆ ನಿಜ, ಆದರೆ ದುಡ್ಡು ಕೊಟ್ಟು ದೊಡ್ಡ ಶಿಪ್ ಹತ್ತಿದವರು ಫಿಟಿಂಗ್ ಗೊತ್ತಿಲ್ಲದೆ ಅದನ್ನೇ ಕಳೆದುಕೊಳ್ಳುವುದು ಪ್ರತಿ ದಿನ ಕಿಲ್‌ಬೋರ್ಡ್‌ನಲ್ಲಿ ಕಾಣುತ್ತದೆ.

ನಿಮ್ಮ ತೊಂದರೆ ವೇಗದ್ದಲ್ಲ, ಚೆಲ್ಲಾಪಿಲ್ಲಿಯದ್ದು. ಮೈನಿಂಗ್, ಗ್ಯಾಲೆಂಟೆ ಹಾಲರ್, ಕ್ಯಾಲ್ಡಾರಿ ಕ್ರೂಸರ್, ಮಿಸೈಲ್ ಅಂತ 25 ದಿನದಲ್ಲಿ ನಾಲ್ಕು ಕಡೆ ಹೋಗಿದ್ದೀರಿ. ಈಗ ಹೊಸ ಶಿಪ್ ಸ್ಕಿಲ್ ನಿಲ್ಲಿಸಿ ಎಲ್ಲ ಶಿಪ್‌ಗೂ ಬರುವಂಥವನ್ನು ಮೊದಲು 3ಕ್ಕೆ, ಆಮೇಲೆ 4ಕ್ಕೆ ತನ್ನಿ: ಸಿಪಿಯು ಮ್ಯಾನೇಜ್‌ಮೆಂಟ್, ಪವರ್ ಗ್ರಿಡ್ ಮ್ಯಾನೇಜ್‌ಮೆಂಟ್, ಎರಡು ಕೆಪಾಸಿಟರ್ ಸ್ಕಿಲ್‌ಗಳು, ಶೀಲ್ಡ್ ಮ್ಯಾನೇಜ್‌ಮೆಂಟ್, ಮೆಕ್ಯಾನಿಕ್ಸ್, ನ್ಯಾವಿಗೇಷನ್, ಇವೇಸಿವ್ ಮನೂವರಿಂಗ್, ಸ್ಪೇಸ್‌ಶಿಪ್ ಕಮಾಂಡ್. 50 ಲಕ್ಷ ಪಾಯಿಂಟ್ ಮುಟ್ಟಿದಾಗ ಆಲ್ಫಾ ಟ್ರೈನಿಂಗ್ ನಿಲ್ಲುತ್ತದೆ. ಅಲ್ಲಿಯವರೆಗೆ ಒಮೆಗಾಗೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಆಟ ನಿಮಗೆ ಹಿಡಿಸಿತೋ ಇಲ್ಲವೋ ಗೊತ್ತಾಗಿರುತ್ತದೆ.

ಅರ್ಧಕ್ಕೆ ಬಿಟ್ಟ ಕೆರಿಯರ್ ಏಜೆಂಟ್ ಮಿಷನ್‌ಗಳನ್ನು ಎಲ್ಲರದೂ ಮುಗಿಸಿ. ಫ್ರಿಗೇಟ್, ಸ್ಕಿಲ್‌ಬುಕ್, ಮಾಡ್ಯೂಲ್ ಪುಕ್ಕಟೆ ಬರುತ್ತವೆ. ಆಮೇಲೆ ಆರ್ನಾನ್‌ನಲ್ಲಿರುವ ಸಿಸ್ಟರ್ ಅಲಿಟುರಾ ಹತ್ತಿರ ಹೋದರೆ ಉದ್ದದ ಕಥಾ ಮಿಷನ್ ಸರಣಿ ಶುರುವಾಗುತ್ತದೆ. ಕೊನೆಯ ಕಡೆ ಡಾಗನ್ ಅಂತ ಒಬ್ಬ ಬರುತ್ತಾನೆ, ತನ್ನ ಶಿಪ್ಪನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಾನೆ. ಡ್ಯಾಮೇಜ್ ಕಡಿಮೆಯಿದ್ದರೆ ಎಷ್ಟು ಹೊತ್ತು ಹೊಡೆದರೂ ಅಷ್ಟೇ. ಅವನೊಬ್ಬನಿಗೆ ಮಾತ್ರ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.

ಹೊಸಪೈಲಟ್25:

ಇಬ್ಬರಿಗೂ ತುಂಬ ಧನ್ಯವಾದ. ಕಾಂಕರ್ಡ್‌ಗೆ ಸೆಕೆಂಡ್ ಲೆಕ್ಕ ಇದೆ ಅಂತಲೇ ಗೊತ್ತಿರಲಿಲ್ಲ. ಕ್ಯಾರಕಲ್ ಫಿಟ್ ಇಲ್ಲಿದೆ:

ಹೈ: ಹೆವಿ ಮಿಸೈಲ್ ಲಾಂಚರ್ 3, ಲೈಟ್ ಮಿಸೈಲ್ ಲಾಂಚರ್ 2
ಮಿಡ್: 10 ಎಂಎನ್ ಆಫ್ಟರ್‌ಬರ್ನರ್, ಮೀಡಿಯಂ ಶೀಲ್ಡ್ ಎಕ್ಸ್‌ಟೆಂಡರ್, ಸ್ಮಾಲ್ ಶೀಲ್ಡ್ ಬೂಸ್ಟರ್, ವಾರ್ಪ್ ಸ್ಕ್ರ್ಯಾಂಬ್ಲರ್, ಕಾರ್ಗೋ ಸ್ಕ್ಯಾನರ್
ಲೋ: ಬ್ಯಾಲಿಸ್ಟಿಕ್ ಕಂಟ್ರೋಲ್ 1, ಸ್ಮಾಲ್ ಆರ್ಮರ್ ರಿಪೇರರ್ 1, ಎಕ್ಸ್‌ಪಾಂಡೆಡ್ ಕಾರ್ಗೋಹೋಲ್ಡ್ 2
ರಿಗ್ ಇಲ್ಲ, ಡ್ರೋನ್ ಇಲ್ಲ. ಎಲ್ಲ ಮಿಷನ್‌ಗೂ ಸ್ಕರ್ಜ್ ಮಿಸೈಲ್ ಹಾಕುತ್ತೇನೆ.

ಬಾಣದಬತ್ತಳಿಕೆ:

ನೋಡ್ರಿ, ದೊಡ್ಡ ಶಿಪ್ ಚಿಕ್ಕದನ್ನು ಬೇಗ ಹೊಡೀತದ ಅನ್ನೋದೇ ಈ ಆಟದಾಗ ತಪ್ಪು ಲೆಕ್ಕ. ಹೆವಿ ಮಿಸೈಲಿನ ಸ್ಫೋಟದ ತ್ರಿಜ್ಯ ಸುಮಾರು 140 ಮೀಟರ್. ಫ್ರಿಗೇಟಿನ ಸಿಗ್ನೇಚರ್ (ಗುರಿಯಾಗಿ ಕಾಣೋ ಗಾತ್ರ) 40 ಮೀಟರ್ ಆಸುಪಾಸು. 40ನ್ನ 140ರಿಂದ ಭಾಗಿಸ್ರಿ, ಅದು ನಿಂತಲ್ಲೇ ನಿಂತಿದ್ರೂ ನಿಮ್ಮ ಡ್ಯಾಮೇಜಿನಾಗ 28% ಅಷ್ಟೇ ತಾಗತದ. ಓಡಾಡಾಕತ್ತಿದ್ರ ಇನ್ನೂ ಕಡಿಮಿ. ಲೈಟ್ ಮಿಸೈಲಿನ ತ್ರಿಜ್ಯ 40ರ ಹತ್ತಿರ, ಅದಕ್ಕ ಫ್ರಿಗೇಟಿಗೆ ಸರಿಯಾಗಿ ಕೂಡತದ.

ಅದಕ್ಕ ಐದೂ ಜಾಗಕ್ಕ ರ‍್ಯಾಪಿಡ್ ಲೈಟ್ ಮಿಸೈಲ್ ಲಾಂಚರ್ ಹಾಕ್ರಿ. ಲೆವೆಲ್ 2ರಾಗ ಬರೋದು ಬಹುತೇಕ ಫ್ರಿಗೇಟು, ಡಿಸ್ಟ್ರಾಯರು, ನಡುನಡುವ ಕ್ರೂಸರು. ಒಂದು ತೊಂದರಿ ಐತಿ: ರೀಲೋಡಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡೀತದ. ಗುಂಪು ಮುಗಿದು ಮುಂದಿನ ಗೇಟಿಗೆ ಹೋಗೋ ಹೊತ್ತಿನಾಗ ನೀವೇ ರೀಲೋಡ್ ಕೊಡ್ರಿ. ನಡುಯುದ್ಧದಾಗ ಖಾಲಿ ಆಗಾಕ ಬಿಡಬ್ಯಾಡ್ರಿ.

ಲೋ ಸ್ಲಾಟ್‌ನಾಗ ಆರ್ಮರ್ ರಿಪೇರರ್, ಕಾರ್ಗೋಹೋಲ್ಡ್ ಎಲ್ಲಾ ಕಿತ್ತಿ ಒಗೀರಿ. ಶೀಲ್ಡ್ ಅಂದ್ರ ಶೀಲ್ಡ್, ಆರ್ಮರ್ ಅಂದ್ರ ಆರ್ಮರ್, ಎರಡೂ ಅರ್ಧರ್ಧ ಮಾಡಿದ್ರ ಎರಡೂ ನಿಲ್ಲಂಗಿಲ್ಲ. ಬ್ಯಾಲಿಸ್ಟಿಕ್ ಕಂಟ್ರೋಲ್ ಮೂರು, ಡ್ಯಾಮೇಜ್ ಕಂಟ್ರೋಲ್ ಒಂದು. ನಾಲ್ಕನೇ ಬ್ಯಾಲಿಸ್ಟಿಕ್ ಹಾಕಬ್ಯಾಡ್ರಿ: ಒಂದೇ ನಮೂನಿ ಮಾಡ್ಯೂಲಿನಾಗ ಮೊದಲನೇದು ಪೂರಾ ಫಲ ಕೊಡತದ, ಎರಡನೇದು ಸುಮಾರು 87%, ಮೂರನೇದು 57%, ನಾಲ್ಕನೇದು 28%. ಮಿಡ್‌ನಾಗ ಆಫ್ಟರ್‌ಬರ್ನರ್ ಇರ್ಲಿ. ಲಾರ್ಜ್ ಶೀಲ್ಡ್ ಎಕ್ಸ್‌ಟೆಂಡರ್ ಎರಡು, ಉಳಿದ ಎರಡಕ್ಕ ಮಿಷನ್ ಶತ್ರುಗೆ ತಕ್ಕ ಹಾರ್ಡನರ್. ಸ್ಕ್ರ್ಯಾಂಬ್ಲರ್ ಮಿಷನ್‌ನಾಗ ಬೇಕಾಗಂಗಿಲ್ಲ. ಮೂರು ರಿಗ್‌ಗೂ ಮೀಡಿಯಂ ಕೋರ್ ಡಿಫೆನ್ಸ್ ಫೀಲ್ಡ್ ಎಕ್ಸ್‌ಟೆಂಡರ್. ಡ್ರೋನ್ ಬೇಯಾಗ ಎರಡು ಲೈಟ್ ಡ್ರೋನ್ ಹಿಡೀತಾವ, ಖಾಲಿ ಯಾಕ ಬಿಡೂದು?

ಸಿಪಿಯು ಸಾಲದಿದ್ರ ಹೆಸರಿನಾಗ ಕಾಂಪ್ಯಾಕ್ಟ್ ಅಂತ ಇರೋ ಮಾಡ್ಯೂಲ್ ಹುಡುಕ್ರಿ. ಕೊಳ್ಳೂದಕ್ಕಿಂತ ಮೊದಲ ಫಿಟಿಂಗ್ ಕಿಟಕಿಯ ಸಿಮ್ಯುಲೇಶನ್‌ನಾಗ ಹಾಕಿ ನೋಡ್ರಿ, ಪುಕ್ಕಟೆ.

ಶತ್ರು ಗುಂಪಿಗೆ ತಕ್ಕಂಗ ಮಿಸೈಲೂ ಬದಲಾಗಬೇಕು. ಗುರಿಸ್ಟಾಸ್, ಸರ್ಪೆಂಟಿಸ್ ಇದ್ರ ಸ್ಕರ್ಜ್ ಸರಿ. ಬ್ಲಡ್ ರೇಡರ್ಸ್, ಸಾನ್ಶಾ ಇದ್ರ ಮ್ಯೋಲ್ನಿರ್. ಏಂಜಲ್ ಇದ್ರ ನೋವಾ. ಕ್ಯಾರಕಲ್ಲಿನ ಬೋನಸ್ ನಾಲ್ಕೂ ನಮೂನಿ ಡ್ಯಾಮೇಜಿಗೆ ಸಮ, ಅದೇ ಈ ಶಿಪ್ಪಿನ ದೊಡ್ಡ ಗುಣ. ಒಂದೇ ಸ್ಕರ್ಜ್ ಹಿಡಿದು ಕುಂತ್ರ ಆ ಗುಣ ವ್ಯರ್ಥ.

ಕತ್ತಲೆಬಾಗಿಲು:

ಒಂದೂವರೆ ಗಂಟೆಗೆ ಒಳ್ಳೆಯ ಕೆಲಸ ಎಕ್ಸ್‌ಪ್ಲೊರೇಶನ್: ಅಡಗಿದ ಸೈಟ್‌ಗಳನ್ನು ಪ್ರೋಬ್‌ಗಳಿಂದ ಹುಡುಕಿ, ಅಲ್ಲಿನ ಡಬ್ಬಿಗಳನ್ನು ಹ್ಯಾಕ್ ಮಾಡಿ ಸರಕು ತೆಗೆಯುವುದು. ನೀವು ಗ್ಯಾಲೆಂಟೆ ಆದ್ದರಿಂದ ಇಮಿಕಸ್ ಫ್ರಿಗೇಟ್ ಸಾಕು. ಆಸ್ಟ್ರೋಮೆಟ್ರಿಕ್ಸ್, ಆರ್ಕಿಯಾಲಜಿ, ಹ್ಯಾಕಿಂಗ್ ಮೂರನ್ನೂ ಲೆವೆಲ್ 3ಕ್ಕೆ ತನ್ನಿ. ಕೋರ್ ಪ್ರೋಬ್ ಲಾಂಚರ್, ಎರಡು ಸುತ್ತು ಪ್ರೋಬ್ ಅಂದರೆ 16, ರೆಲಿಕ್ ಅನಲೈಜರ್, ಡೇಟಾ ಅನಲೈಜರ್, ಕಾರ್ಗೋ ಸ್ಕ್ಯಾನರ್, ಮೈಕ್ರೋವಾರ್ಪ್‌ಡ್ರೈವ್. ನಿಮ್ಮ ಕ್ಯಾರಕಲ್‌ನಲ್ಲಿದ್ದ ಸ್ಕ್ಯಾನರ್‌ಗೆ ಇಲ್ಲಿ ಕೆಲಸವಿದೆ. ಫಿಟಿಂಗ್ ಸೇರಿ ಈ ಶಿಪ್ ನೀವು ಕಳೆದುಕೊಂಡ ಸರಕಿನ ಒಂದು ಸಣ್ಣ ಪಾಲು. ಒಂದೇ ಸಲಕ್ಕೆ ಐದು ಕೊಂಡು ಸ್ಟೇಷನ್‌ನಲ್ಲಿ ಸಾಲಾಗಿ ಇಟ್ಟುಕೊಳ್ಳಿ. ಮೊದಲ ವಾರ ಎರಡಾದರೂ ಹೋಗುತ್ತವೆ, ಅದನ್ನು ಖರ್ಚಿನಲ್ಲೇ ಬರೆದುಬಿಡಿ.

ಪ್ರೋಬ್‌ಗಳನ್ನು ಬಿಟ್ಟು ಪಿನ್‌ಪಾಯಿಂಟ್ ಜೋಡಣೆ ಒತ್ತಿ. ಸಿಗ್ನೇಚರ್ (ಇಲ್ಲಿ ಸೈಟಿನ ಸುಳಿವು) ಮೇಲೆ ಮಧ್ಯಕ್ಕೆ ತಂದು 8 ಎಯು (ಖಗೋಳ ದೂರಮಾನ) ವ್ಯಾಪ್ತಿಯಲ್ಲಿ ಸ್ಕ್ಯಾನ್, ಮತ್ತೆ ಮಧ್ಯಕ್ಕೆ ತಂದು 4, ಹಾಗೇ 2, 1, 0.5. ಶೇಕಡಾ 100 ಬಂದಾಗ ವಾರ್ಪ್ ಆಗಬಹುದು. ಸಂಖ್ಯೆ ಏರದೆ ಇಳಿದರೆ ಪ್ರೋಬ್‌ಗಳು ಪಕ್ಕಕ್ಕೆ ಸರಿದಿವೆ ಅಂತ ಅರ್ಥ. ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ನಕ್ಷೆಯನ್ನು ತಿರುಗಿಸಿ ಮೇಲಿನಿಂದಲೂ ಪಕ್ಕದಿಂದಲೂ ನೋಡಿ ಮಧ್ಯಕ್ಕೆ ತನ್ನಿ. ಒಂದೇ ಕೋನದಿಂದ ನೋಡಿ ಸರಿಸಿದರೆ ಆಳ ತಪ್ಪುತ್ತದೆ.

ಹೈಸೆಕ್‌ನಲ್ಲಿ ಕೈ ಪಳಗಿಸಿಕೊಳ್ಳಿ, ಅಲ್ಲಿ ದುಡ್ಡಿಲ್ಲ. ದುಡ್ಡು ಪೊಲೀಸ್ ಇಲ್ಲದ ನಲ್‌ಸೆಕ್‌ನ ಮತ್ತು ವರ್ಮ್‌ಹೋಲ್ ಸುರಂಗದಾಚೆಯ ಸಿಸ್ಟಮ್‌ಗಳ ರೆಲಿಕ್ ಸೈಟ್‌ಗಳಲ್ಲಿ. ಹೆಸರಿನಲ್ಲಿ ಗುರಿಸ್ಟಾಸ್, ಸಾನ್ಶಾದಂಥ ದರೋಡೆಗುಂಪಿನ ಹೆಸರಿದ್ದು ಕ್ರಂಬ್ಲಿಂಗ್, ಡಿಕೇಡ್, ರೂಯಿನ್ಡ್ ಅಂತಿದ್ದರೆ ಹೋಗಬಹುದು, ಕಾವಲಿರುವುದಿಲ್ಲ. ವರ್ಮ್‌ಹೋಲ್‌ನಲ್ಲಿ ಫರ್ಗಾಟನ್, ಅನ್‌ಸೆಕ್ಯೂರ್ಡ್ ಅಂತ ಶುರುವಾದರೆ ಒಳಗೆ ಸ್ಲೀಪರ್ ಅನ್ನುವ ಕಾವಲು ಶತ್ರುಗಳಿರುತ್ತವೆ, ಇಮಿಕಸ್‌ನಲ್ಲಿ ಆ ಕಡೆ ಹೋಗಲೇಬೇಡಿ.

ಹ್ಯಾಕಿಂಗ್ ಜಾಲದಲ್ಲಿ ಅಂಚಿನ ಗಂಟುಗಳನ್ನು ಮೊದಲು ತೆರೆಯಿರಿ. ಮಧ್ಯದಲ್ಲಿ ಫೈರ್‌ವಾಲ್ ಎದ್ದರೆ ಸುತ್ತಲಿನ ದಾರಿಗಳೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ, ಅಂಚಿನಲ್ಲಿ ಎದ್ದರೆ ಒಂದೆರಡು ಮಾತ್ರ. ರೆಸ್ಟೋರೇಶನ್ ನೋಡ್ ಕಂಡರೆ ಅದನ್ನು ಮೊದಲು ಮುಗಿಸಿ, ಪ್ರತಿ ಹೆಜ್ಜೆಗೂ ಅದು ಉಳಿದ ಕಾವಲುಗಳಿಗೆ ಬಲ ತುಂಬುತ್ತದೆ. ಒಂದು ಡಬ್ಬಿಗೆ ಎರಡು ಅವಕಾಶ, ಎರಡನೆಯದೂ ತಪ್ಪಿದರೆ ಡಬ್ಬಿ ಒಡೆಯುತ್ತದೆ. ಒಳಗೆ ಏನಿದೆ ಅಂತ ಕಾರ್ಗೋ ಸ್ಕ್ಯಾನರ್‌ನಿಂದ ಮೊದಲೇ ನೋಡಿದರೆ ಬೆಲೆ ಇಲ್ಲದ ಡಬ್ಬಿಗಳ ಮೇಲೆ ಹೊತ್ತು ಕಳೆಯುವುದು ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸುತ್ತಲಿನ ಶಿಪ್, ಪ್ರೋಬ್‌ಗಳ ಪಟ್ಟಿ ತೋರಿಸುವ ಡೈರೆಕ್ಷನಲ್ ಸ್ಕ್ಯಾನ್. ವ್ಯಾಪ್ತಿ 14.3 ಎಯು, ವಿ ಕೀಲಿ. ಹ್ಯಾಕ್ ಮಾಡುವಾಗ ಹತ್ತು ಸೆಕೆಂಡಿಗೊಮ್ಮೆ ಒತ್ತುತ್ತಿರಿ. ಪಟ್ಟಿಯಲ್ಲಿ ಕಾಂಬ್ಯಾಟ್ ಸ್ಕ್ಯಾನರ್ ಪ್ರೋಬ್ ಕಂಡರೆ ಯಾರೋ ನಿಮ್ಮನ್ನೇ ಹುಡುಕುತ್ತಿದ್ದಾರೆ. ಡಬ್ಬಿಯಲ್ಲಿ ಏನೇ ಇರಲಿ, ಬಿಟ್ಟು ಹೊರಡಿ. ವರ್ಮ್‌ಹೋಲ್‌ನಲ್ಲಿ ಮಾತಾಡದವರ ಹೆಸರು ಲೋಕಲ್ ಚಾಟ್‌ನಲ್ಲಿ ಬರುವುದಿಲ್ಲ. ಅಲ್ಲಿ ಲೋಕಲ್ ಖಾಲಿ ಇದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

ಹನ್ನೊಂದರಗಡಿಯಾರ:

ಮೇಲಿನದ್ದೆಲ್ಲ ಸರಿ, ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಈ ಆಟದಲ್ಲಿ ಶಿಪ್ಪನ್ನು ಕೈಯಲ್ಲಿ ಓಡಿಸುವ ಸುಖ ಕಡಿಮೆ. ಸರ್ವರ್ ಸೆಕೆಂಡಿಗೊಂದು ಮಿಡಿತದಲ್ಲಿ ನಡೆಯುತ್ತದೆ, ನೀವು ಕೊಡುವುದು ಆದೇಶ ಮಾತ್ರ. ನೀವು ಬಂದಿದ್ದು ಜಾಯ್‌ಸ್ಟಿಕ್ ಹಿಡಿದು ಹಾರುವುದಕ್ಕಾದರೆ ಎಲೀಟ್ ಡೇಂಜರಸ್ ನೋಡಿ. ಅದರಲ್ಲಿ ಬೇರೆ ಆಟಗಾರರು ಕಾಣದ ಸೋಲೋ ಮೋಡ್ ಕೂಡ ಇದೆ. ಹಿಡಿಸದ ಆಟವನ್ನು ಬಿಡುವುದು ಸೋಲಲ್ಲ.

ಇರುವುದಾದರೆ ಒಬ್ಬರೇ ಇರಬೇಡಿ. ಈಗ ನೀವು ಇರುವ ಎನ್‌ಪಿಸಿ ಕಾರ್ಪೊರೇಶನ್ (ಆಟವೇ ನಡೆಸುವ ಸಂಘ) ನಿಮ್ಮ ಮಿಷನ್ ಸಂಪಾದನೆಯಲ್ಲಿ 11% ತೆರಿಗೆ ಹಿಡಿಯುತ್ತದೆ, ಬದಲಿಗೆ ಏನೂ ಕೊಡುವುದಿಲ್ಲ. ಈವ್ ಯೂನಿವರ್ಸಿಟಿ 2004ರಿಂದ ಹೊಸಬರಿಗೆ ಕಲಿಸುತ್ತಿರುವ ಆಟಗಾರರ ಕೂಟ, ಅರ್ಜಿ ಹಾಕಿ. ಸೇರುವ ಮುಂಚೆ ಯಾವ ಕಾರ್ಪ್‌ನಲ್ಲೇ ಆಗಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ನಿಮ್ಮ ಫ್ಲೀಟ್‌ಗಳು ಎಷ್ಟು ಹೊತ್ತಿಗೆ? ಆಟದ ಗಡಿಯಾರ ಯುಟಿಸಿ. ನಿಮ್ಮ ರಾತ್ರಿ 8 ಅಲ್ಲಿ 14:30. ಯುರೋಪಿನವರು ಸೇರುವುದು 18:00ರ ನಂತರ, ಆಗ ನಮಗೆ ರಾತ್ರಿ 11:30. ಬೆಳಿಗ್ಗೆ ಆಫೀಸಿಗೆ ಹೋಗುವವರಿಗೆ ಅದು ಆಗದ ಮಾತು. ಆಸ್ಟ್ರೇಲಿಯಾ–ಏಷ್ಯಾ ಹೊತ್ತಿನವರು ಇರುವ ಕಾರ್ಪ್ ಹುಡುಕಿ. ದಿನವೂ 11:00ಕ್ಕೆ, ಅಂದರೆ ನಮ್ಮ ಸಂಜೆ 4:30ಕ್ಕೆ, ಸರ್ವರ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮ್ಮ ಆಟಕ್ಕೆ ಅದು ಅಡ್ಡ ಬರುವುದಿಲ್ಲ.

ಹೊಸಪೈಲಟ್25:

ಇವತ್ತು ರಾತ್ರಿ ಕ್ಯಾರಕಲ್ ಬಿಚ್ಚಿ ಕಟ್ಟುತ್ತೇನೆ, ಮೂರು ಇಮಿಕಸ್ ಕೊಳ್ಳುತ್ತೇನೆ. ಐದಕ್ಕೆ ಈಗ ದುಡ್ಡಿಲ್ಲ. ಕತ್ತಲೆಬಾಗಿಲು ಅವರಿಗೆ ಒಂದು ಪ್ರಶ್ನೆ: ವರ್ಮ್‌ಹೋಲ್ ಒಳಗೆ ಹೋದಮೇಲೆ ವಾಪಸ್ ದಾರಿ ಹೇಗೆ ಸಿಗುತ್ತದೆ?

ಕತ್ತಲೆಬಾಗಿಲು:

ಒಳಗೆ ಕಾಲಿಟ್ಟ ತಕ್ಷಣ, ಕದಲುವ ಮೊದಲೇ, ಆ ವರ್ಮ್‌ಹೋಲ್ ಬಾಯಿಗೆ ಬುಕ್‌ಮಾರ್ಕ್ ಹಾಕಿ. ಹೊರಗಿನ ಕಡೆಗೂ ಒಂದು. ಒಳಗೆ ಹೋಗುವ ಮುಂಚೆ ಶೋ ಇನ್ಫೋ ತೆಗೆದು ಓದಿ: ಆಯುಸ್ಸು ಮುಗಿಯುತ್ತಾ ಬಂದಿದೆ ಅಂತ ಬರೆದಿದ್ದರೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದೆ, ಅಂಥದ್ದಕ್ಕೆ ಹೋಗಬೇಡಿ. ದಾರಿ ಮುಚ್ಚಿಯೇ ಹೋದರೆ ಪ್ರೋಬ್ ಬಿಟ್ಟು ಇನ್ನೊಂದು ಬಾಯಿ ಹುಡುಕಬೇಕು. ಆ 16ರಲ್ಲಿ ಎರಡನೇ ಎಂಟು ಇರುವುದು, ಮೊದಲನೆಯವು ಕಳೆದುಹೋದರೆ ಅಂತ.